ಕಾದ ಮ್ಯಾಲೆ ಹಚ್ರಿ

ಕಳೆದ ಚಳಿಗಾಲದ ನನ್ನ ಡೈರಿಯಲ್ಲಿ ಪ್ರತಿ ದಿನವೂ ಎರಡು ಅಂಕಿಗಳಿಂದ ಶುರುವಾಗುತ್ತದೆ. ಬೆಳಿಗ್ಗೆ ಹೊರಗೆ ಎಷ್ಟು ಚಳಿಯಿತ್ತು, ಬ್ಯಾಟರಿಯ ಪೆಟ್ಟಿಗೆಯೊಳಗೆ ಎಷ್ಟಿತ್ತು. ಜೂನ್ ೪: ಹೊರಗೆ ಮೈನಸ್ ೩, ಪೆಟ್ಟಿಗೆಯೊಳಗೆ ೭. ಅದರ ಕೆಳಗೆ, "ಅಪ್ಪನಿಗೆ ಒಳ್ಳೆಯ ನಿದ್ದೆ." ಭೂಮಧ್ಯರೇಖೆಯ ತೆಂಕಣಕ್ಕಿರುವ ಈ ದೇಶದಲ್ಲಿ ಜೂನ್ ಎಂದರೆ ಚಳಿಗಾಲ. ಆ ತಿಂಗಳ ಬಹುಪಾಲು ಪುಟಗಳು ಹೀಗೇ ಇವೆ. ಪೆಟ್ಟಿಗೆ ಬೆಚ್ಚಗಿದ್ದರೆ ಅಪ್ಪನಿಗೆ ನಿದ್ದೆ, ಅಪ್ಪನಿಗೆ ನಿದ್ದೆಯಾದರೆ ನನಗೆ ಸಮಾಧಾನ.

ಅಪ್ಪ, ಅವ್ವ ಮೇ ತಿಂಗಳಲ್ಲಿ ಧಾರವಾಡದಿಂದ ಬಂದಿದ್ದರು. ಅಕ್ಟೋಬರ್ ಕೊನೆಯವರೆಗೆ ಇರುವ ಮಾತಾಗಿತ್ತು. ನಾನೇ ಹಟ ಹಿಡಿದು ಕರೆಸಿದ್ದೆ. ಇಲ್ಲಿ ಓದು ಮುಗಿಸಿ, ಅಲೆಕ್ಸಾಂಡ್ರಾ ಎಂಬ ಊರಿನ ಹತ್ತಿರದ ಚೆರ್ರಿ ತೋಟವೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವರು ನನ್ನ ಬದುಕನ್ನು ವಿಡಿಯೋ ಕಾಲಿನಲ್ಲಿ ಮಾತ್ರ ನೋಡಿದ್ದರು. ಊರೊಳಗೆ ಬಾಡಿಗೆ ಮನೆ ಸಿಗದೆ, ಊರಿನಿಂದ ದೂರ, ಕುರಿ ಸಾಕುವ ಫಾರ್ಮೊಂದರ ಮೂಲೆಯಲ್ಲಿ ಚಕ್ರದ ಮೇಲೆ ನಿಂತ ಪುಟ್ಟ ಮನೆಯಲ್ಲಿ ನಾನಿದ್ದೆ. ಅಲ್ಲಿಗೆ ಕರೆಂಟಿನ ತಂತಿ ಬಂದಿಲ್ಲ. ಅಡುಗೆಗೆ ಗ್ಯಾಸು, ಚಳಿಗೆ ಸೌದೆ ಒಲೆ, ಉಳಿದದ್ದಕ್ಕೆಲ್ಲ ಚಾವಣಿಯ ಮೇಲಿನ ಸೋಲಾರ್ ಹಲಗೆಗಳು ಮತ್ತು ಒಂದು ಪವರ್ ಸ್ಟೇಷನ್. ಹೆಸರು ದೊಡ್ಡದು, ನೋಡಲು ಹಿಡಿಕೆಯಿರುವ ಟ್ರಂಕಿನ ಹಾಗೆ. ಒಳಗೆ ಲಿಥಿಯಂ ಬ್ಯಾಟರಿ, ಮುಂದೆ ಪ್ಲಗ್ಗು ಹಾಕುವ ತೂತುಗಳು, ಒಂದು ಸಣ್ಣ ಪರದೆ. ಹಿಂದಿನ ಬಾಡಿಗೆದಾರರಿಂದ ನಾನು ಕೊಂಡದ್ದು.

ನಾನೊಬ್ಬಳೇ ಇದ್ದಾಗ ಅದು ಕೆಟ್ಟರೂ ಮೇಣದಬತ್ತಿ ಹಚ್ಚಿಕೊಂಡು ಮಲಗಬಹುದಿತ್ತು. ಅಪ್ಪನ ವಿಷಯ ಹಾಗಲ್ಲ. ನಿದ್ದೆಯಲ್ಲಿ ಅವರ ಉಸಿರು ಆಗಾಗ ನಿಂತುಹೋಗುತ್ತದೆ. ರೋಗ ಏನೆಂದು ಗೊತ್ತಾಗುವ ಮೊದಲು, ನಿದ್ದೆಗೆಟ್ಟ ದಣಿವಿನಲ್ಲಿ ಹಾಡುಹಗಲೇ ಸ್ಕೂಟರಿನ ಮೇಲೆ ತೂಕಡಿಸಿ ಗಟಾರಕ್ಕೆ ಬಿದ್ದು ಭುಜದ ಎಲುಬು ಮುರಿದುಕೊಂಡಿದ್ದರು. ಆಮೇಲೆ ಡಾಕ್ಟರು ಒಂದು ಯಂತ್ರ ಕೊಡಿಸಿದರು. ಮೂಗಿಗೆ ಮುಖವಾಡ, ಅದಕ್ಕೊಂದು ಕೊಳವೆ. ರಾತ್ರಿಯಿಡೀ ಅದು ಗಾಳಿ ಊದಿ ಗಂಟಲನ್ನು ತೆರೆದಿಡುತ್ತದೆ. ಒಂದು ರಾತ್ರಿಯೂ ಬಿಡಬಾರದು ಎಂದು ಡಾಕ್ಟರು ಹೇಳಿದ್ದರು, ರಕ್ತದೊತ್ತಡ ಬೇರೆ ಇತ್ತು. ಅವರನ್ನು ಕರೆಸುವ ಮೊದಲು ನಾನು ಲೆಕ್ಕ ಹಾಕಿ ನೋಡಿದ್ದೆ: ನನ್ನ ಬ್ಯಾಟರಿ ತುಂಬಿದ್ದರೆ ಆ ಯಂತ್ರವನ್ನು ಎರಡು ರಾತ್ರಿ ನಡೆಸುತ್ತದೆ.

ಆ ಲೆಕ್ಕ ಬೇಸಿಗೆಯದು.

ಇಬ್ಬನಿ ಹೆಪ್ಪುಗಟ್ಟುವುದರ ಬಗ್ಗೆ ನನಗೆ ಗೊತ್ತಿಲ್ಲ ಎನ್ನುವಂತಿಲ್ಲ. ವಸಂತದಲ್ಲಿ ಚೆರ್ರಿ ಮೊಗ್ಗುಗಳನ್ನು ಅದರಿಂದ ಉಳಿಸಿಕೊಳ್ಳುವುದೇ ನನ್ನ ಕೆಲಸದ ದೊಡ್ಡ ಭಾಗ. ಆದರೆ ಬ್ಯಾಟರಿಯ ಸ್ವಭಾವ ಮೊಗ್ಗಿನದ್ದಲ್ಲ. ಶೂನ್ಯಕ್ಕಿಂತ ಕೆಳಗೂ ಅದು ಕರೆಂಟು ಕೊಡುತ್ತದೆ, ತೆಗೆದುಕೊಳ್ಳಲಾರದು. ಹೆಪ್ಪುಗಟ್ಟುವ ಚಳಿಯಲ್ಲಿ ಅದಕ್ಕೆ ಚಾರ್ಜ್ ತುರುಕಿದರೆ ಒಳಗಾಗುವ ಹಾನಿಗೆ ರಿಪೇರಿ ಇಲ್ಲ. ಹಾಗಾಗಿ ಚಳಿಗಾಲದಲ್ಲಿ ಅತ್ಯಂತ ಅಪಾಯದ ಹೊತ್ತು ಕತ್ತಲೆಯದಲ್ಲ, ನಿಚ್ಚಳ ಬಿಸಿಲಿನ ಬೆಳಗಿನದು. ಹಲಗೆಗಳ ಮೇಲೆ ಸೂರ್ಯ ಬಿದ್ದಿರುತ್ತಾನೆ, ಕರೆಂಟು ಹರಿಯಲು ತಯಾರಾಗಿರುತ್ತದೆ, ಬ್ಯಾಟರಿ ಇನ್ನೂ ರಾತ್ರಿಯ ಚಳಿಯಲ್ಲೇ ಇರುತ್ತದೆ. ಹೊಸ ಪವರ್ ಸ್ಟೇಷನ್ನುಗಳು ತಾವೇ ಚಾರ್ಜ್ ಬೇಡವೆನ್ನುತ್ತವೆ. ನನ್ನದೂ ಹೇಳುತ್ತಿತ್ತು. ಆದರೆ ಅದರ ಉಷ್ಣಾಂಶ ಅಳೆಯುವ ಕಡ್ಡಿ ಮುಂದಿನ ಜಾಲರಿಯ ಹಿಂದೆ, ಕವಚಕ್ಕೆ ತಾಗಿಕೊಂಡು ಕೂತಿತ್ತು. ಕವಚ ಬೆಚ್ಚಗಾದರೆ ಸಾಕು, ಒಳಗಿನ್ನೂ ಚಳಿಯಿದ್ದರೂ ಅದು ಬೆಚ್ಚಗಿದೆ ಎಂದೇ ತೋರಿಸುತ್ತಿತ್ತು.

ಒಳ್ಳೆಯ ಜಾಗವೆಂದರೆ ಮನೆಯ ಒಳಗೇ, ಒಲೆಯಿಂದ ಸ್ವಲ್ಪ ದೂರ. ಅವರು ಬಂದ ಮೊದಲ ವಾರ ಅಲ್ಲೇ ಇಟ್ಟಿದ್ದೆ. ಎಲ್ಲೋ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಸಿಡಿದು ಮನೆ ಸುಟ್ಟ ವಿಡಿಯೋ ಅವ್ವನ ಫೋನಿಗೆ ಬಂದದ್ದೇ ತಡ, ಆಕೆ ಎದ್ದು ಕೂತಳು.

"ಅದು ಒಳಗಿದ್ರ ನಾ ಹೊರಗ ಮಲ್ಕೋತೀನಿ."

"ಅವ್ವಾ, ಆ ಬ್ಯಾಟರಿನೇ ಬ್ಯಾರೆ, ಇದೇ ಬ್ಯಾರೆ. ಇದು ಸಿಡಿಯಂಗಿಲ್ಲ."

"ಅವರೂ ಹಂಗ ಅಂದುಕೊಂಡಿದ್ರು, ಸುಟ್ಟುಹೋದವ್ರು."

ಅಪ್ಪ ದಿಂಬಿನ ಮೇಲಿಂದಲೇ ಹೇಳಿದರು, "ಹೊರಗ ಕುರಿ ಅದಾವ. ನಿಮ್ಮವ್ವನ ಗೊರಕಿಗೆ ಪಾಪ ಅವು ಓಡಿ ಹೋಗ್ತಾವ, ತಾಯಿ. ಆ ಡಬ್ಬೀನ ಹೊರಗ ಇಡು."

ಹೊರಗೆ, ಮನೆಗೆ ಹೊಂದಿಕೊಂಡ ಸೌದೆಯ ಮಾಡಿನಲ್ಲಿ ಅದಕ್ಕೊಂದು ಪೆಟ್ಟಿಗೆ ಮಾಡಿದೆ. ತೋಟದ ಶೀತಲ ಕೋಣೆ ಒಡೆದಾಗ ಉಳಿದಿದ್ದ ದಪ್ಪ ಥರ್ಮಾಕೋಲ್ ಹಲಗೆಗಳನ್ನು ಆರೂ ಬದಿಗೆ ಹೊಂದಿಸಿ, ಫ್ಯಾನಿನ ಎದುರು ಗಾಳಿಯಾಡಲು ಸೀಳು ಬಿಟ್ಟೆ. ನೆಲದ ಚಳಿ ತಾಗದಂತೆ ಅಡಿಗೆ ಮರದ ಪಟ್ಟಿ. ಸಂಜೆಗೊಂದು, ಬೆಳಿಗ್ಗೆಗೊಂದು ಬಿಸಿನೀರಿನ ರಬ್ಬರ್ ಚೀಲ, ಬ್ಯಾಟರಿಗೆ ತಾಗದಂತೆ ಮೂಲೆಯಲ್ಲಿ. ಸೂರ್ಯ ಮುಳುಗಿದ ಮೇಲೆ ಹಲಗೆಗಳ ತಂತಿಯನ್ನು ಕಿತ್ತಿಡುವುದು ನನ್ನ ನಿಯಮ. ಮರುದಿನ ಪೆಟ್ಟಿಗೆಯೊಳಗೆ ಐದು ಡಿಗ್ರಿ ದಾಟಿ, ಅದು ಹಾಗೇ ಸುಮಾರು ಹೊತ್ತು ನಿಂತ ಮೇಲೆಯೇ ತಂತಿ ಸೇರಿಸುವುದು. ನಾನು ಕತ್ತಲಿದ್ದಾಗಲೇ ಕೆಲಸಕ್ಕೆ ಹೊರಡುತ್ತಿದ್ದೆ. ಹಾಗಾಗಿ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಫೋನು ಮಾಡಿ ಅಪ್ಪನಿಂದ ಪರದೆಯ ಮೇಲಿನ ಉಷ್ಣಾಂಶ ಓದಿಸಿಕೊಂಡು "ಹೂಂ, ಹಚ್ರಿ" ಎನ್ನುತ್ತಿದ್ದೆ. ಜೂನ್ ಕಳೆಯಿತು. ಯಂತ್ರದಲ್ಲಿ ಗಾಳಿಗೆ ತೇವ ಕೊಡುವ ಭಾಗ ಹೆಚ್ಚು ಕರೆಂಟು ತಿನ್ನುತ್ತದೆಂದು ಅದನ್ನು ಆರಿಸಿಟ್ಟಿದ್ದೆವು. ಅಪ್ಪನ ಮೂಗು ಒಣಗಿ ಉರಿಯುತ್ತಿತ್ತು. ಕಲ್ಲಾಗಿ ಕೂತ ಕೊಬ್ಬರಿ ಎಣ್ಣೆಯನ್ನು ಅವ್ವ ಚಮಚದಿಂದ ಕೆರೆದು, ಅಂಗೈಯಲ್ಲಿ ಕರಗಿಸಿ ಅವರ ಮೂಗಿಗೆ ಹಚ್ಚುತ್ತಿದ್ದಳು. ಅಷ್ಟು ಬಿಟ್ಟರೆ ಬೇರೆ ತೊಂದರೆ ಇರಲಿಲ್ಲ.

ಜುಲೈನ ಎರಡನೆಯ ವಾರ ಮಂಜು ಕವಿಯಿತು. ಈ ಕಣಿವೆಯಲ್ಲಿ ಒಮ್ಮೆ ಕವಿದರೆ ಅದು ದಿನಗಟ್ಟಲೆ ಅಲುಗುವುದಿಲ್ಲ. ಬೇಲಿಯ ತಂತಿ, ಹುಲ್ಲಿನ ಎಸಳು, ಕುರಿಯ ಉಣ್ಣೆ, ಎಲ್ಲದರ ಮೇಲೂ ಬಿಳಿ ಮುಳ್ಳುಗಳು ಬೆಳೆದವು. ಹಲಗೆಗಳಿಂದ ಬಂದದ್ದು ಸೊನ್ನೆಗೆ ಸಮ. ಎರಡು ಸಲ ಪವರ್ ಸ್ಟೇಷನ್ನನ್ನು ಕಾರಿನಲ್ಲಿ ಹೊತ್ತೊಯ್ದು ತೋಟದ ಆಫೀಸಿನಲ್ಲಿ ತುಂಬಿಸಿಕೊಂಡು ಬಂದೆ. ಐದನೆಯ ದಿನ ಆ ರಸ್ತೆ ಪಾರದರ್ಶಕ ಮಂಜುಗಡ್ಡೆಯಿಂದ ಮುಚ್ಚಿತ್ತು. ಹೆದ್ದಾರಿಯವರೆಗೆ ನಡೆದು, ಸಹೋದ್ಯೋಗಿಯ ಯೂಟ್ ಎಂಬ ಪುಟ್ಟ ಟ್ರಕ್ಕು ಹತ್ತಿ ಕೆಲಸಕ್ಕೆ ಹೋದೆ, ಅಷ್ಟು ದೂರ ಹೊರಲಾಗದ ಬ್ಯಾಟರಿ ಮನೆಯಲ್ಲೇ ಉಳಿಯಿತು. ಅಂದು, ಜುಲೈ ೧೨ರ ಬೆಳಿಗ್ಗೆ, ನಾನು ಬರೆದದ್ದು: ಹೊರಗೆ ಮೈನಸ್ ೮, ಪೆಟ್ಟಿಗೆಯೊಳಗೆ ಮೈನಸ್ ೨. ಬ್ಯಾಟರಿಯಲ್ಲಿ ಉಳಿದದ್ದು ನೂರಕ್ಕೆ ಒಂಬತ್ತು. ಪೆಟ್ಟಿಗೆಯೊಳಗೆ ಶೂನ್ಯದ ಕೆಳಗೆ ಹೋದದ್ದು ಅದೇ ಮೊದಲು.

ಅವತ್ತು ನಾನು ತೋಟದಲ್ಲಿ ಕೊಂಬೆ ಕತ್ತರಿಸುತ್ತಿದ್ದಾಗ ಮಂಜು ಒಮ್ಮೆಲೇ ಹರಿಯಿತು. ನೀಲಿ ಆಕಾಶ, ಕಣ್ಣು ಕುಕ್ಕುವ ಬಿಸಿಲು. ಜೊತೆಯವರು ಸಿಳ್ಳೆ ಹೊಡೆದರು. ಅಷ್ಟರಲ್ಲಿ ಫೋನು.

"ತಾಯಿ, ಬಿಸಿಲು ಬಿದ್ದೈತಿ! ಏನ್ ಬಿಸಿಲ ಅಂತೀ! ಹಚ್ಲೇನು?"

"ಬ್ಯಾಡ, ಬ್ಯಾಡ! ಈಗ ಬ್ಯಾಡ್ರಿ ಅಪ್ಪಾ."

"ಒಂಬತ್ತಕ್ಕ ಬಂದೈತಿ ಅದು. ಇವತ್ತ ರಾತ್ರಿ ನನ್ನ ಸೊಂಡ್ಲಿಗೆ ಏನು ಗತಿ?" ಮುಖವಾಡ ಹಾಕಿಕೊಂಡರೆ ಗಣಪ್ಪನ ಹಾಗೆ ಕಾಣುತ್ತೇನೆಂದು ಅವರು ಅದನ್ನು ಸೊಂಡಿಲು ಎನ್ನುತ್ತಿದ್ದರು.

ಕೊಂಬೆ ಪುಡಿ ಮಾಡುವ ಯಂತ್ರ ಪಕ್ಕದಲ್ಲೇ ಶುರುವಾಯಿತು. ನಾನು ಕೂಗಿ ಹೇಳಿದೆ, "ಕಾದ ಮ್ಯಾಲೆ ಹಚ್ರಿ! ಕಾದ ಮ್ಯಾಲೆ!"

"ಆತು, ಆತು. ಕಾದ ಮ್ಯಾಲೆ." ಅವರು ಫೋನಿಟ್ಟರು.

ಸ್ವಲ್ಪ ಹೊತ್ತು ತಡೆಯಿರಿ ಎಂಬುದು ನನ್ನ ಮಾತಿನ ಅರ್ಥ. ಮಧ್ಯಾಹ್ನದವರೆಗೆ ಕಾಯ್ದರೆ ಪೆಟ್ಟಿಗೆ ತಾನಾಗಿ ಒಳಗಿನವರೆಗೂ ಚಳಿ ಬಿಡುತ್ತಿತ್ತು, ನಾನೂ ಫೋನು ಮಾಡುತ್ತಿದ್ದೆ. ಊಟದ ಬಿಡುವಿನಲ್ಲಿ ಮಾಡಿದೆ ಕೂಡ, ಯಾರೂ ಎತ್ತಲಿಲ್ಲ. ಇಬ್ಬರೂ ಬಿಸಿಲಿಗೆ ಹೊರಗೆ ಕೂತಿರಬೇಕು, ಅವರಿಗೂ ಐದು ದಿನದ ಮೇಲೆ ಬಿಸಿಲು ಎಂದುಕೊಂಡೆ.

ಹೊರಗೆ ಕೂತಿದ್ದರು, ನಿಜ. ಸಂಜೆ ಯೂಟ್ ಇಳಿದು ಬರುವಾಗ ಕಂಡದ್ದು ಇದು: ಮೆಟ್ಟಿಲ ಪಕ್ಕದ ಬೆಂಚಿನ ಮೇಲೆ ಅವ್ವನ ಕೌದಿ, ಕೌದಿಯ ಮೇಲೆ ಪವರ್ ಸ್ಟೇಷನ್, ಅದರ ಕುತ್ತಿಗೆಗೆ ಅಪ್ಪನ ಮಫ್ಲರು, ತಲೆಯ ಮೇಲೆ ಬಿಸಿನೀರಿನ ಚೀಲ. ಹಲಗೆಗಳ ತಂತಿ ಚಾವಣಿಯಿಂದ ಇಳಿದು ಅದಕ್ಕೆ ಸೇರಿತ್ತು. ಪರದೆಯಲ್ಲಿ ನೂರಕ್ಕೆ ಅರವತ್ತೆಂಟು.

"ನೋಡವಾ," ಅವ್ವ ಅಂದಳು, "ಹ್ಯಾಂಗ ಕಾಯಿಸೀವಿ ನಿನ್ನ ಬ್ಯಾಟರಿ! ಬಾಣಂತಿಗೂ ಯಾರೂ ಇಷ್ಟು ಮಾಡಂಗಿಲ್ಲ."

ನನ್ನ ಮುಖ ನೋಡಿ ಅಪ್ಪ ಎದ್ದು ನಿಂತರು. "ಯಾಕ? ಕಾದ ಮ್ಯಾಲೇನ ಹಚ್ಚೀವಿ. ನೀ ಫೋನ್ ಇಟ್ಟ ಕೂಡ್ಲೆ ಇಬ್ರೂ ಹಿಡಕೊಂಡು ಬಿಸಿಲಿಗೆ ತಂದ್ವಿ, ಬಿಸಿನೀರು ಇಟ್ವಿ. ಒಂದ್ ಕಪ್ ಚಾ ಕುಡಿಯೂದ್ರಾಗ ಹನ್ನೊಂದು ಡಿಗ್ರಿ ತೋರಿಸ್ತು. ನಿನ್ನ ಲೆಕ್ಕ ಐದರದು, ನಾವು ಹನ್ನೊಂದಕ್ಕ ಹಚ್ಚೀವಿ!"

ನಾನು ಕಾಯಲು ಹೇಳಿದ್ದೆ, ಅವರು ಕಾಯಿಸಿದ್ದರು. ಫೋನಿನಲ್ಲಿ ಎರಡಕ್ಕೂ ಒಂದೇ ಮಾತು. ಹಪ್ಪಳ, ಸಂಡಿಗೆ, ಹಾಸಿಗೆ, ಕೂಸು, ಯಾವುದಕ್ಕೆ ಥಂಡಿ ತಾಗಿದರೂ ಎತ್ತಿ ಬಿಸಿಲಿಗಿಡುವ ಮನೆಯಲ್ಲಿ ಹುಟ್ಟಿದ ನನಗೆ ಇದು ಹೊಳೆಯಬೇಕಿತ್ತೇನೋ. ಆ ಗದ್ದಲದಲ್ಲಿ ಹೊಳೆಯಲಿಲ್ಲ.

ಅವ್ವನಿಗೆ ಅರ್ಥವಾಗುವಂತೆ ಹೇಳಲು ದಾರಿ ಹುಡುಕಿದೆ. "ಫ್ರೀಜರಿನ ತೆಂಗಿನ ತುರಿ ಪ್ಯಾಕೆಟ್ ಬಿಸಿನೀರಾಗ ಇಟ್ರ ಏನಾಗ್ತೈತಿ? ಮ್ಯಾಲೆ ಮೆತ್ತಗ, ಒಳಗ?"

"ಒಳಗ ಕಲ್ಲು," ಅಂದ ಅವ್ವ ಬ್ಯಾಟರಿಯ ತಲೆಯ ಮೇಲಿನ ಚೀಲವನ್ನು ಎತ್ತಿಕೊಂಡಳು. "ಹಂಗಾದ್ರ ಕೆಟ್ಟಿತೇನ ಅದು?"

"ಗೊತ್ತಿಲ್ಲವ್ವಾ. ನೋಡೂಣು."

ಆ ರಾತ್ರಿ ಯಂತ್ರ ನಡೆಯಿತು. ಬದುಕಿದೆವು ಎಂದುಕೊಂಡೆ. ಮರುದಿನ ಬ್ಯಾಟರಿಯನ್ನು ಆಫೀಸಿಗೆ ಒಯ್ದು, ಬೆಚ್ಚಗಿನ ಕೋಣೆಯಲ್ಲಿ ಪೂರ್ತಿ ತುಂಬಿಸಿ ತಂದೆ. ಅದರ ಮರುಬೆಳಿಗ್ಗೆ ನಾನು ಎದ್ದಾಗ ಅದು ಸತ್ತಿತ್ತು. ಎರಡು ರಾತ್ರಿ ನಡೆಸಬೇಕಾದದ್ದು ಒಂದು ರಾತ್ರಿಯನ್ನೂ ಮುಟ್ಟಿಸಿರಲಿಲ್ಲ. ಮತ್ತೆ ತುಂಬಿಸಿ ಪರೀಕ್ಷಿಸಿದೆ. ದೀಪ ಬೇಡ, ವೈಫೈ ಬೇಡ, ಫೋನುಗಳನ್ನೆಲ್ಲ ಕಾರಿನಲ್ಲೇ ಚಾರ್ಜ್ ಮಾಡಿದೆವು. ಆದರೂ ಅಷ್ಟೇ. ಪರದೆ ನೂರು ಎನ್ನುತ್ತಿತ್ತು, ಒಳಗೆ ಆ ನೂರು ಇರಲಿಲ್ಲ.

ಈ ಸಲ ಅವ್ವ ಬ್ಯಾಟರಿಯನ್ನು ತಾನೇ ಒಳಗೆ ತಂದು ತನ್ನ ಹಾಸಿಗೆಯ ಪಕ್ಕದಲ್ಲಿ ಇಟ್ಟುಕೊಂಡಳು. ಸಿಡಿದರೆ ಸಿಡಿಯಲಿ ಎಂಬಂತೆ. ಆದರೆ ಬೆಚ್ಚಗಿಟ್ಟ ಮಾತ್ರಕ್ಕೆ ಹೋದದ್ದು ಹಿಂದಿರುಗುವ ಹಾಗಿರಲಿಲ್ಲ. ಹೊಸದು ಕೇಳಲು ಅಂಗಡಿಗೆ ಫೋನು ಮಾಡಿದೆ. ಪೆನ್‌ರೋಸಿನಲ್ಲಿರುವ ತಮ್ಮ ಗೋದಾಮಿನಲ್ಲಿ ದಾಸ್ತಾನು ಮುಗಿದಿದೆ, ಹಡಗು ಬರುವುದು ಸೆಪ್ಟೆಂಬರಿಗೆ ಎಂದರು. ಬೇರೆ ಕಡೆಗಳಲ್ಲೂ ಅದೇ ಉತ್ತರ. ಆ ಚಳಿಗಾಲದಲ್ಲಿ ಎಲ್ಲರಿಗೂ ಅದೇ ಬೇಕಾಗಿತ್ತು.

ಎಷ್ಟು ಹೊತ್ತಿಗೆ ಯಂತ್ರ ನಿಲ್ಲುತ್ತದೆ ಎಂದು ಕೇಳಿದರೆ ಅಪ್ಪ "ನನಗ ಗೊತ್ತಾಗಂಗಿಲ್ಲ, ನಿದ್ದಿಯೊಳಗಿರ್ತೀನಿ" ಎನ್ನುತ್ತಿದ್ದರು. ಒಂದು ಶನಿವಾರ ಬೆಳಿಗ್ಗೆ ಮೂವರೂ ಚಹಾಕ್ಕೆ ಕೂತಿದ್ದೆವು. ಅಪ್ಪ ತೋಟದ ವಿಷಯ ಏನೋ ಕೇಳುತ್ತಿದ್ದರು. ಪ್ರಶ್ನೆ ಅರ್ಧಕ್ಕೆ ನಿಂತಿತು. ಚಹಾದ ಕಪ್ಪು ಕೈಯಲ್ಲಿ ಹಾಗೇ ಇತ್ತು, ಕಣ್ಣು ಮುಚ್ಚಿತ್ತು. ಕಪ್ಪು ನಿಧಾನವಾಗಿ ವಾಲಿ ಬಿಸಿ ಚಹಾ ತೊಡೆಯ ಮೇಲೆ ಚೆಲ್ಲಿದಾಗ ಬೆಚ್ಚಿ ಎದ್ದರು.

"ಜಾರಿತು," ಅಂದರು.

"ಜಾರಲಿಲ್ಲ," ಅವ್ವ ಸೆರಗಿನಿಂದ ಒರೆಸುತ್ತ ಹೇಳಿದಳು. "ಎಷ್ಟು ಸುಳ್ಳು ಹೇಳ್ತೀರಿ ಮಗಳ ಮುಂದ? ನಸುಕಿನ್ಯಾಗ ಆ ಡಬ್ಬಿ ನಿಂತ ಕೂಡ್ಲೆ ಇವ್ರು ಎದ್ದು ಗ್ವಾಡಿಗೆ ಒರಗಿ ಕೂಡ್ತಾರ. ಮಲ್ಕೊಂಡ್ರ ಉಸಿರು ಸಿಗಂಗಿಲ್ಲಂತ. ನಿನಗ ಹೇಳಬ್ಯಾಡ ಅಂತ ನನಗ ಆಣಿ ಹಾಕ್ಸ್ಯಾರ."

ಅಪ್ಪ ಕಿಟಕಿಯ ಕಡೆ ನೋಡಿದರು. "ನೀ ಹುಡುಗಿ ಕೆಲಸ ಮಾಡಿ ದಣಿದು ಬಂದಿರ್ತಿ. ಮತ್ತ ಅದನ್ನೇ ಹೊತಗೊಂಡು ಅಡ್ಡಾಡ್ತಿ. ಇನ್ನೇನು ಹೇಳೂದು?"

ಅವತ್ತೇ ಹೊಲದಾಚೆ ಮನೆಯಿರುವ ಫಾರ್ಮಿನ ಒಡತಿಯ ಬಳಿಗೆ ಹೋದೆ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಕುರಿ ನೋಡಿಕೊಳ್ಳುವ, ಮಾತು ಕಡಿಮೆಯ ಹೆಂಗಸು. ನನ್ನ ಮನೆ ನಿಂತ ಜಾಗ ಅವರದೇ. ಅವರ ಮನೆಗೆ ಕರೆಂಟು ಇದೆ, ಅಂಗಳದಲ್ಲಿ ಒಂದು ಬೇರೆ ಕೋಣೆಯೂ ಇದೆ. ನಾನು ಅರ್ಧ ಹೇಳುವಷ್ಟರಲ್ಲಿ ಅವರು ಬೀಗದ ಕೈ ತಂದು ಮೇಜಿನ ಮೇಲಿಟ್ಟರು. ಮೊದಲೇ ಯಾಕೆ ಕೇಳಲಿಲ್ಲ ಎಂದಷ್ಟೇ ಬೈದರು.

ಅಪ್ಪ ಒಪ್ಪಲಿಲ್ಲ. "ಮಂದಿ ಮನ್ಯಾಗ ಹೋಗಿ ಸೊಂಡ್ಲಿ ಹಚಗೊಂಡು ಮಲಗೂದು? ಬೆಳಿಗ್ಗೆ ಅವ್ರು ಬಂದು ನೋಡಿದ್ರ?"

"ಯಾರೂ ಬಂದು ನೋಡಂಗಿಲ್ರಿ. ಬ್ಯಾರೆ ಕ್ವಾಣಿ ಅದು."

"ಮಗಳ ಮನಿಗೆ ಬಂದೀನಿ ನಾ. ಅವರ ಮನಿಗೆ ಬಂದಿಲ್ಲ."

ಅದಕ್ಕೆ ಉತ್ತರ ಕೊಟ್ಟವಳು ಅವ್ವ. ಆಕೆ ಯಂತ್ರವನ್ನು ಚೀಲಕ್ಕೆ ತುಂಬಿ, ಅಪ್ಪನ ಚಪ್ಪಲಿ, ಟೊಪ್ಪಿಗೆ, ಗುಳಿಗೆ ಡಬ್ಬಿ ಇಟ್ಟು, ತಾನೂ ಸ್ವೆಟರು ಹಾಕಿಕೊಂಡು ಬಾಗಿಲಲ್ಲಿ ನಿಂತಳು. "ನಾ ಹೊಂಟೆ ಅಕ್ಕಾರ ಮನಿಗೆ. ನೀವು ಬರ್ತಿದ್ರ ಬರ್ರಿ, ಇಲ್ಲಂದ್ರ ಗ್ವಾಡಿ ಐತಿ, ಒರಗ್ರಿ." ಆ ಒಡತಿಯನ್ನು ಆಕೆ ಮೊದಲ ದಿನದಿಂದಲೂ ಅಕ್ಕಾರ ಎಂದೇ ಕರೆಯುತ್ತಿದ್ದಳು.

ಅಂದಿನಿಂದ ದಿನಾ ಸಂಜೆ ಊಟ ಮುಗಿಸಿ, ಹೊತ್ತು ಮುಳುಗಿದ ಹೊಲದಲ್ಲಿ ಟಾರ್ಚು ಹಿಡಿದು ಇಬ್ಬರೂ ಚೀಲದೊಂದಿಗೆ ಹೊರಡುತ್ತಿದ್ದರು. ಕುರಿಗಳು ಎದ್ದು ದಾರಿ ಬಿಡುತ್ತಿದ್ದವು. ನಾನು ಬೇಲಿಯವರೆಗೆ ಹೋಗಿ, ಆಚೆಯ ಕಿಟಕಿಯಲ್ಲಿ ದೀಪ ಹತ್ತುವವರೆಗೆ ನಿಲ್ಲುತ್ತಿದ್ದೆ. ಮನೆಗೆ ಬಂದರೆ ಬ್ಯಾಟರಿಗೆ ಮಾಡಲು ಕೆಲಸವಿಲ್ಲ. ಒಂದು ದೀಪ, ನನ್ನ ಫೋನು, ಅಷ್ಟೇ. ಆ ದಿನಗಳ ಪುಟಗಳಲ್ಲಿ, ಮನೆಯೊಳಗೇ ಉಳಿದ ಬ್ಯಾಟರಿಯ ಅಂಕಿಗಳು ಬಹಳ ಚೆನ್ನಾಗಿವೆ. ಒಂದು ದಿನವೂ ಎಂಟಕ್ಕಿಂತ ಕೆಳಗಿಳಿದಿಲ್ಲ.

ಅಪ್ಪನ ಮುಖ ವಾರದೊಳಗೆ ತಿಳಿಯಾಯಿತು. ಆಚೆ ಗಾಳಿಗೆ ತೇವ ಕೊಡುವ ಭಾಗವನ್ನೂ ಚಾಲೂ ಮಾಡಿಕೊಂಡಿದ್ದರು, ಮೂಗಿನ ಉರಿ ನಿಂತಿತ್ತು. ಬೆಳಿಗ್ಗೆ ಹೊಲ ದಾಟಿ ಬರುವಾಗ ದೂರದಿಂದಲೇ ಏನಾದರೊಂದು ಕೂಗಿ ಹೇಳುತ್ತಿದ್ದರು. ಹಾಗೆ ನಿಚ್ಚಳವಾದ ಕಣ್ಣುಗಳಿಂದಲೇ, ಒಂದು ಭಾನುವಾರ, ನನ್ನ ಎದುರು ಕೂತು ಹೇಳಿದರು.

"ಟಿಕೀಟು ಮುಂಚೆ ಮಾಡು, ತಾಯಿ. ಆಗಸ್ಟಿಗೆ ಹೋಗ್ತೀವಿ."

"ಅಕ್ಟೋಬರ್ ತನಕ ಇರ್ತೀನಂದಿದ್ರಿ. ಚೆರ್ರಿ ಹೂ ಬಿಡೂದು ನೋಡ್ತೀನಂದಿದ್ರಿ."

"ಅಂದಿದ್ದೆ. ಆದ್ರ ಆ ಅಕ್ಕಾರು ಎಷ್ಟು ದಿನ ಅಂತ ಸುಮ್ನಿರ್ತಾರ, ಪಾಪ? ಏನೂ ಅನ್ನಂಗಿಲ್ಲ, ಅದಕ್ಕ ಹೇಳಾಕತ್ತೀನಿ. ಮತ್ತ ನೀ ದಿನಾ ಬೇಲಿ ಹತ್ರ ನಿಂದರ್ತಿ. ನನಗ ಕಾಣ್ತೈತಿ ಕಿಟಕಿಯಿಂದ."

ಅವ್ವ ಸೌದೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದನ್ನು ನಿಲ್ಲಿಸಿರಲಿಲ್ಲ. ಆಕೆಯ ಬೆನ್ನು ನೋಡಿದರೆ ಈ ಮಾತು ಅವರಿಬ್ಬರ ನಡುವೆ ಮೊದಲೇ ಆಗಿದೆ ಎಂದು ತಿಳಿಯುತ್ತಿತ್ತು. ಜಗಳವಾಡಲು ನೋಡಿದೆ. ಸೆಪ್ಟೆಂಬರಿಗೆ ಹೊಸದು ಬರುತ್ತದೆ, ಊರೊಳಗೆ ಕೋಣೆ ಹುಡುಕುತ್ತೇನೆ, ಇನ್ನೂ ಏನೇನೋ. ಆದರೆ ಎದುರಿಗೆ ಕೂತ ಮನುಷ್ಯ ಚೆನ್ನಾಗಿ ನಿದ್ದೆ ಮಾಡಿ ಎದ್ದಿದ್ದರು. ಆ ನಿದ್ದೆ ನನ್ನ ಮನೆಯದಾಗಿರಲಿಲ್ಲ. ಫೋನು ತೆಗೆದು ಆಗಸ್ಟಿನ ಟಿಕೀಟು ನೋಡತೊಡಗಿದೆ.

ಆಗಸ್ಟ್ ೯ರಂದು ಅವರನ್ನು ಕ್ವೀನ್ಸ್‌ಟೌನ್ ವಿಮಾನ ನಿಲ್ದಾಣಕ್ಕೆ ಕರೆದೊಯ್ದೆ. ಅವ್ವ ಹಿಂದೆ ಕೂತು ಕಣ್ಣು ಮುಚ್ಚಿದ್ದಳು, ಮಲಗಿರಲಿಲ್ಲ. ಅಪ್ಪ ಮುಂದೆ, ದಾರಿಯುದ್ದಕ್ಕೂ ಎಚ್ಚರ. ಯಾವ ಗುಡ್ಡಕ್ಕೆ ಏನು ಹೆಸರು, ಆ ಬಳ್ಳಿ ಎಂಥದು, ಇಲ್ಲಿ ಕುರಿ ಯಾಕಿಲ್ಲ, ಎಲ್ಲಾ ಕೇಳಿದರು. ಕ್ಲೈಡ್ ಊರು ದಾಟುವಾಗ ಅಣೆಕಟ್ಟು ಕಾಣಿಸಿತು. ಕಾರು ನಿಲ್ಲಿಸಲು ಹೇಳಿ ಇಳಿದು ನಿಂತರು. ನಮ್ಮ ತಲೆಯ ಮೇಲೆ ದಪ್ಪ ತಂತಿಗಳು ಗುಡ್ಡದಿಂದ ಗುಡ್ಡಕ್ಕೆ ಹೋಗಿದ್ದವು, ಚಳಿಯ ಗಾಳಿಯಲ್ಲಿ ಸಣ್ಣಗೆ ಗುಂಯ್‌ಗುಡುತ್ತಿದ್ದವು.

"ಇದರಾಗಿನ ಕರೆಂಟು ಎಲ್ಲಿಗೆ ಹೋಗ್ತೈತಿ?"

"ದೂರ, ಅಪ್ಪಾ. ಸಮುದ್ರದಾಚಿ ಬಡಗಣ ದ್ವೀಪಕ್ಕೂ ಹೋಗ್ತೈತಿ ಅಂತಾರ."

ಅವರು ಕೈ ಹಿಂದೆ ಕಟ್ಟಿಕೊಂಡು ತಂತಿಗಳನ್ನು ನೋಡಿದರು. "ಶಾಣ್ಯಾ ಇದ್ದೀ ನೋಡು. ಇಷ್ಟು ದೊಡ್ಡ ಡ್ಯಾಮಿನ ಬಗಲಾಗ ಕತ್ತಲ ಮನಿ ಹಿಡದೀ." ಹೇಳಿ ಜೋರಾಗಿ ನಕ್ಕರು. ಕಾರಿನೊಳಗೆ ಅವ್ವನೂ ನಕ್ಕಳು. ನಾನು ನಗಲು ನೋಡಿದೆ, ಆಗಲಿಲ್ಲ. ಹೊತ್ತಾಗುತ್ತದೆ, ಹತ್ತಿರಿ ಎಂದೆ.